ಗುಡ್ಡದ ಹಿಂದೆ ಮುಕ್ಕಾಲು ಗಂಟೆ

ನನ್ನ ಕಾರು ಎಲ್ಲಿದೆ ಎಂದು ತಿಳಿಯುವುದಕ್ಕೆ ನನಗೆ ಯಾವತ್ತೂ ಕಷ್ಟವಾಗಿದ್ದಿಲ್ಲ. ಅದು ಓಡುವಾಗ ನಾನು ಅದರೊಳಗೇ ಕೂತಿರುತ್ತೇನೆ. ನಿಂತಾಗ ಅದು ಅಂಕೋಲೆಯ ನಮ್ಮ ಮನೆಯ ಅಂಗಳದಲ್ಲಿ ಹಲಸಿನ ಮರದ ಕೆಳಗಿರುತ್ತದೆ. ಆದರೂ ಅದು ಈ ಕ್ಷಣ ಎಲ್ಲಿದೆ ಎಂದು ಎರಡು ನಿಮಿಷಕ್ಕೊಮ್ಮೆ ಜಗತ್ತಿಗೆ ಸಾರಿ ಹೇಳುವ ಯಂತ್ರವೊಂದನ್ನು ನಾನು ಅದಕ್ಕೆ ಕೂರಿಸಿದೆ. ಅದರಿಂದ ಏನೇನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಬರೆದರೆ ಮರ್ಯಾದೆ ಹೋಗುತ್ತದೆ ಎಂಬ ಅಳುಕೂ ಇತ್ತು. ಆಮೇಲೆ ಯೋಚಿಸಿದೆ, ಯಾರೆದುರು ಹೋಗಬೇಕೋ ಅವರೆದುರು ಅದು ಆಗಲೇ ಹೋಗಿಯಾಗಿದೆ.

ನಾನು ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುವುದು ನನ್ನ ಉದ್ಯೋಗ, ಅದರಲ್ಲಿ ಯಾವ ಕಡತ ಎಲ್ಲಿದೆ ಎಂದು ನನಗೆ ಒಮ್ಮೆಯೂ ಸರಿಯಾಗಿ ಗೊತ್ತಾದದ್ದಿಲ್ಲ. ಬಹುಶಃ ಅದರ ಸೇಡಿಗೇ ಇರಬೇಕು, ನಲವತ್ತು ದಾಟಿದ ಮೇಲೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಲೈಸೆನ್ಸ್ ಪಡೆದು, ವಾಹನಗಳ ಜಾಡು ಹಿಡಿಯುವ ಹುಚ್ಚು ಹಚ್ಚಿಕೊಂಡೆ. ವಿಷಯ ಸರಳ. ಕಾರಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ಉಪಗ್ರಹದಿಂದ ತನ್ನ ಜಾಗ ತಿಳಿದುಕೊಂಡು, ಆ ಅಂಕಿಗಳನ್ನು ಒಂದು ಕರಕರ ಸದ್ದು ಮಾಡಿ ರೇಡಿಯೊದಲ್ಲಿ ಬಿಡುತ್ತದೆ. ಆ ಸದ್ದು ಕೇಳಿಸಿಕೊಂಡ ಇನ್ನೊಬ್ಬ ಹವ್ಯಾಸಿಯ ಪರದೆಯ ಮೇಲೆ, ನಕ್ಷೆಯಲ್ಲಿ, ಒಂದು ಚುಕ್ಕೆ ಮೂಡುತ್ತದೆ. ಅಷ್ಟೆ.

ಇದನ್ನು ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಅಲ್ಲಾ, ಒಂದು ಫೋನ್ ಮಾಡಿದ್ರೆ ಆಗೂದಿಲ್ವಾ?" ಅದಕ್ಕೆ ನನ್ನ ಬಳಿ ಹತ್ತು ನಿಮಿಷದ ಉತ್ತರವಿದೆ. ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು, ಕರೆಂಟು ಹೋಗಿ, ಟವರುಗಳೆಲ್ಲ ಮೂಕವಾದಾಗ ಮಾತಾಡುವುದು ನಮ್ಮ ರೇಡಿಯೊ ಒಂದೇ ಎಂದು ಶುರುಮಾಡುತ್ತೇನೆ. ನಮ್ಮ ಕಡೆ ಅದು ಸುಳ್ಳೂ ಅಲ್ಲ. ಆದರೆ ಉತ್ತರ ಮುಗಿಯುವಷ್ಟರಲ್ಲಿ ಕೇಳಿದವರು ಹೋಗಿರುತ್ತಾರೆ.

ನಮಗೆ ಒಬ್ಬಳೇ ಮಗಳು. ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಸಿಗುವ ಸದಾಶಿವಗಡಕ್ಕೆ ಕೊಟ್ಟಿದ್ದೇವೆ. ಎರಡು ಸಲ ಬಸುರಾಗಿ ಎರಡು ಸಲವೂ ನಾಲ್ಕನೆಯ ತಿಂಗಳಿಗೆ ಕಳೆದುಕೊಂಡಿದ್ದಳು. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ಒಂದು ವಾರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನನ್ನ ಹೆಂಡತಿ ಅವಳ ಬೆನ್ನ ಹಿಂದೆ ಕೂತಿದ್ದಳು, ನಾನು ಬಾಗಿಲಲ್ಲಿ ನಿಂತು ಹೋಗುತ್ತಿದ್ದೆ. ಶಿವರಾತ್ರಿ ಕಳೆದ ವಾರ ಮೂರನೆಯ ಸಲ ಎಂಬ ಸುದ್ದಿ ಬಂತು. ಮಗು ಬರುವವರೆಗೂ ಮಲಗಿಯೇ ಇರಬೇಕು, ಪ್ರಯಾಣ ಕೂಡದು, ಕಾರವಾರದ ಆಸ್ಪತ್ರೆಗೆ ಹತ್ತಿರವಿರಲಿ ಎಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ತವರಿಗೆ ಕರೆತರುವ ಮಾತೂ ಇರಲಿಲ್ಲ.

ಸುದ್ದಿ ಬಂದ ಸಂಜೆ ಹೆಂಡತಿ ದೇವರ ಮುಂದೆ ದೀಪ ಹಚ್ಚಿ, ಒಂದು ತೆಂಗಿನಕಾಯಿಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ತೆಗೆದಿಟ್ಟಳು. ಮಗು ಕೈಗೆ ಬಂದು ಈ ಕಾಯಿ ಒಡೆಯುವವರೆಗೆ ಈ ಮನೆಯವರು ಮೀನು ಮುಟ್ಟುವುದಿಲ್ಲ ಎಂದು ಹೇಳಿಕೊಂಡಳು. ಘಟ್ಟದ ಮೇಲಿನವರಿಗೆ ಈ ಹರಕೆಯ ತೂಕ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಮೀನಿಲ್ಲದ ಊಟಕ್ಕೆ ಊಟ ಎನ್ನುವುದಿಲ್ಲ, 'ಏನೋ ಒಂದಿಷ್ಟು ಉಂಡೆ' ಎನ್ನುತ್ತಾರೆ. ಶ್ರಾವಣದ ಒಂದು ತಿಂಗಳು ಬಿಡುವುದಕ್ಕೇ ನಾನು ಆಷಾಢದಿಂದ ಮುಖ ಸಣ್ಣ ಮಾಡಿಕೊಂಡಿರುವವನು. ಇಲ್ಲಿ ಏಳು ತಿಂಗಳು.

"ನಿಮ್ಮ ಬಾಯಲ್ಲೂ ಬರ್ಲಿ" ಎಂದಳು.

ನಾನು ಕೈಮುಗಿದು, ಕಚೇರಿಯಲ್ಲಿ ಪ್ರತಿಜ್ಞೆ ಓದುವ ಗಟ್ಟಿ ಸ್ವರದಲ್ಲಿ ಹೇಳಿದೆ. ಹೇಳುವಾಗ ನನ್ನ ಕಣ್ಣಲ್ಲಿ ನೀರೂ ಬಂದಿತ್ತು, ಅದು ನಾಟಕವಲ್ಲ. ಮರುದಿನ ಅವಳು ಮೀನಿನ ಮಣ್ಣಿನ ಗಡಿಗೆಯನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದಳು. ದಿನವೂ ಬರುವ ಮೀನಿನವಳಿಗೆ ಇನ್ನು ಬರಬೇಡ ಎಂದಳು. ಆಕೆ ಬುಟ್ಟಿ ಇಳಿಸಿ, ದನಿ ತಗ್ಗಿಸಿ, "ಎಂತಾ ತಂಗಿ, ಮನೇಲಿ ಯಾರಾದ್ರೂ ಹೋದ್ರಾ?" ಎಂದು ಕೇಳಿದಳು. ಸೂತಕ ಬಿಟ್ಟರೆ ಈ ಮನೆ ಮೀನು ಬಿಡಲು ಬೇರೆ ಕಾರಣ ಇರಲಾರದು ಎಂದು ಆಕೆಗೂ ಗೊತ್ತು.

ಈ ಹರಕೆಯ ಬಿಸಿ ಆರುವ ಮೊದಲೇ ನಾನು ನನ್ನ ಕೆಲಸ ಸಾಧಿಸಿಕೊಂಡೆ. ಆ ಪೆಟ್ಟಿಗೆಯನ್ನು ಕೊಳ್ಳಬೇಕೆಂದು ವರ್ಷದಿಂದ ಆಸೆಯಿತ್ತು, ಹೆಂಡತಿಯ ಹತ್ತಿರ ಹೇಳಲು ಕಾರಣ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. "ಹೆರಿಗೆ ಬರೂದು ಮಳೆಗಾಲದ ಕೊನೆಗೆ. ಫೋನು ಸತ್ತರೆ ಎಂತಾ ಮಾಡೂದು? ನಾ ಅವಳನ್ನ ಕರ್ಕೊಂಡು ಎಲ್ಲಿ ಮುಟ್ಟಿದೆ ಅಂತ ನಿಂಗೆ ಇಲ್ಲಿ ಕೂತಲ್ಲೇ ಗೊತ್ತಾಗ್ತದೆ" ಎಂದೆ. ಮಗಳ ಹೊಟ್ಟೆಯ ಕೂಸನ್ನು ಮುಂದೆ ಮಾಡಿ ಆಟಿಕೆ ಕೊಂಡ ಅಜ್ಜ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಕಲಿಯುತ್ತೇನೆ ಎಂದಳು.

ಮನೆಯ ಮಾಡಿನ ಮೇಲೆ ಒಂದು ಆಂಟೆನಾ ನಿಲ್ಲಿಸಿ, ಪಡಸಾಲೆಯಲ್ಲಿ ಕಂಪ್ಯೂಟರು ಇಟ್ಟು, ಮನೆಯ ಜಾಗವನ್ನು ಅದರಲ್ಲಿ ತುಂಬಿಸಿ, ಅವಳನ್ನು ಕರೆದು ನಕ್ಷೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದು ನಮ್ಮ ಮನೆ ಹೌದಾ?"

"ಹೌದು."

"ನೀರಲ್ಲಿ ಅದೆ."

ನೋಡಿದರೆ ನಮ್ಮ ಮನೆ ಕುಮಟೆಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ನಡುವೆ ತೇಲುತ್ತಿತ್ತು. ಅಕ್ಷಾಂಶ ರೇಖಾಂಶಗಳಲ್ಲಿ ಡಿಗ್ರಿಯ ಕೆಳಗಿನ ನಿಮಿಷಗಳನ್ನು ನಾನು ದಶಮಾಂಶ ಎಂದು ತಿಳಿದು ತುಂಬಿದ್ದೆ. "ಮೀನು ಬಿಟ್ಟ ಮರುವಾರವೇ ಮನೇನ ಮೀನಿನ ಮಧ್ಯ ತಕೊಂಡು ಹೋಗಿಟ್ರಲ್ಲ" ಎಂದಳು. ಅವತ್ತೇ ನನಗೆ ಅರ್ಥವಾಗಬೇಕಿತ್ತು, ಈ ನಕ್ಷೆಯನ್ನು ನನಗಿಂತ ಅವಳೇ ಚೆನ್ನಾಗಿ ನೋಡುತ್ತಾಳೆ ಎಂದು. ಅರ್ಥವಾಗಲಿಲ್ಲ.

ಮನೆಯನ್ನು ದಡಕ್ಕೆ ತಂದ ಮೇಲೆ ಪರೀಕ್ಷೆಗಳು ಆರಂಭವಾದವು. ಭಾನುವಾರ ಬೆಳಿಗ್ಗೆ ಹೆಂಡತಿ ಮಗಳಿಗೆಂದು ಮಾಡಿದ ತಂಬುಳಿ, ಉಂಡೆ, ಸೊಪ್ಪಿನ ಪಲ್ಯಗಳನ್ನು ಡಬ್ಬಿಗಳಲ್ಲಿ ತುಂಬಿಕೊಂಡು ನಾನು ಸದಾಶಿವಗಡಕ್ಕೆ ಹೋಗುವುದು, ಮಧ್ಯಾಹ್ನ ಮರಳುವುದು. ಅವಳು ಮನೆಯಲ್ಲಿ ಪರದೆಯ ಮುಂದೆ ಕೂತು ನಾನು ಎಲ್ಲೆಲ್ಲಿ ಕಾಣಿಸಿದೆ ಎಂದು ಬರೆದಿಡುವುದು. ಅವಳಿಗೂ ಮಗಳನ್ನು ನೋಡುವ ಆಸೆ, "ನಾನೂ ಬತ್ತೆ" ಎಂದಿದ್ದಳು. "ಇಬ್ಬರೂ ಕಾರಲ್ಲಿ ಕೂತರೆ ನಕ್ಷೆ ನೋಡೂದು ಯಾರು?" ಎಂದು ನಾನೇ ತಡೆದೆ. ಅವಳು ಗುರುವಾರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

ಬರೆದಿಡಲು ಒಂದು ಉದ್ದನೆಯ ಪುಸ್ತಕ ತಂದು, ಸ್ಕೇಲು ಹಿಡಿದು, ಮೂರು ಅಂಕಣ ಗೆರೆ ಹಾಕಿಕೊಟ್ಟೆ. ವೇಳೆ, ಸ್ಥಳ, ಷರಾ.

"ಷರಾದಲ್ಲಿ ಎಂತಾ ಬರ್ಯೂದು?"

"ವಿಶೇಷ ಏನಾದ್ರೂ ಇದ್ರೆ ಬರಿ" ಎಂದೆ. ಷರಾ ಅಂಕಣವಿಲ್ಲದ ಪುಸ್ತಕವನ್ನು ನಾನು ನನ್ನ ನೌಕರಿಯಲ್ಲೇ ಕಂಡಿಲ್ಲ, ಅದರಲ್ಲಿ ಬರೆದದ್ದನ್ನು ಓದಿದವರನ್ನೂ ಕಂಡಿಲ್ಲ.

ಮೊದಲ ಭಾನುವಾರವೇ ಒಂದು ತೊಡಕು ಕಂಡಿತು. ಸದಾಶಿವಗಡದಿಂದ ಹೊರಟ ನನ್ನ ಚುಕ್ಕೆ ಸೇತುವೆಯ ಮೇಲೆ ಕಂಡಿತು, ಬಿಣಗಾದಲ್ಲಿ ಕಂಡಿತು, ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆಯ ಪಕ್ಕ ಒಂದೆರಡು ಸಲ ಕಂಡಿತು. ಆಮೇಲೆ ಅಮದಳ್ಳಿಯ ಆಸುಪಾಸು ಗುಡ್ಡ ಅಡ್ಡ ಬಂದು ಮಾಯವಾಯಿತು. ಮತ್ತೆ ಕಂಡದ್ದು ಹಾರವಾಡದಲ್ಲಿ. ನಡುವೆ ಹತ್ತು ಹನ್ನೆರಡು ನಿಮಿಷ ನಾನು ಈ ಭೂಮಿಯ ಮೇಲೇ ಇರಲಿಲ್ಲ. "ಮಾಯ ಆದ ಕೂಡ್ಲೆ ಎಂತಾ ಬರ್ಯೂದು?" ಎಂದು ಅವಳು ಕೇಳಿದಳು. "ಗುಡ್ಡ ಅಂತ ಬರಿ" ಎಂದೆ.

ಈ ಗುಡ್ಡ ನನ್ನ ನಿದ್ದೆ ಕೆಡಿಸಿತು. ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿರುವ ನನ್ನ ಗೆಳೆಯನೊಬ್ಬನೂ ಹವ್ಯಾಸಿಯೇ. ಅವನ ತಾಯಿ ಇರುವ ಮೂಲಮನೆ ತೋಡೂರಿನ ಇಳಿಜಾರಿನ ಮೇಲೆ, ಸರಿಯಾಗಿ ಆ ಗುಡ್ಡದ ಆಚೆ ಬದಿ. ಅಲ್ಲೊಂದು ಆಂಟೆನಾ ಹಾಕಿ ನನ್ನ ಚುಕ್ಕೆಯನ್ನು ಹಿಡಿಯಬೇಕೆಂದು ಅವನಿಗೆ ಫೋನಿನಲ್ಲಿ ಹೇಳಿದೆ, ವಾಟ್ಸಾಪಿನಲ್ಲಿ ಬರೆದೆ, ಗುಡ್ಡದ ಚಿತ್ರ ಬಿಡಿಸಿ ಕಳಿಸಿದೆ. "ನೋಡ್ವ, ಊರಿಗೆ ಹೋದಾಗ ಮಾಡ್ವ" ಎಂದ. ತಿಂಗಳು ಕಳೆದರೂ ಏನೂ ಆಗಲಿಲ್ಲ. ಸೋಮಾರಿ ಎಂದು ಬೈದುಕೊಂಡು ನಾನು ಆ ವಿಷಯ ಬಿಟ್ಟೆ.

ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಹುಟ್ಟಿಕೊಂಡಿತ್ತು.

ಮಾವಿನಕಾಯಿಯ ದಿನಗಳು. ಮಗಳಿಗೆ ನಾಲ್ಕನೆಯ ತಿಂಗಳು ತುಂಬಿ ಐದಕ್ಕೆ ಬಿದ್ದಿತ್ತು. ಆ ಗಂಡಾಂತರದ ತಿಂಗಳು ದಾಟಿದ್ದಕ್ಕೆ ಎಲ್ಲರಿಗೂ ಉಸಿರು ಬಂದಿತ್ತು. ಡಾಕ್ಟರು ಮಾತ್ರ, ಕೊನೆಯವರೆಗೂ ಮಲಗಿರಲಿ ಎಂದೇ ಹೇಳುತ್ತಿದ್ದರು. ಆ ಭಾನುವಾರ ಬೀಗತಿ, ಅಂದರೆ ಮಗಳ ಅತ್ತೆ, ಬಂಗಡೆ ಮೀನಿನ ಸಾರು, ನಮ್ಮ ಕಡೆಯ ಪಳದಿ, ಮಾಡಿದ್ದರು. ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ ಜಜ್ಜಿ ಹಾಕಿದ ಪಳದಿಯ ಪರಿಮಳ ಜಗಲಿಯವರೆಗೂ ಬರುತ್ತಿತ್ತು. ನಾನು ಅಂಗೈ ಅಡ್ಡ ಹಿಡಿದು, "ಬೇಡಿ, ನಮ್ಮನೇಲಿ ಹರಕೆ ಅದೆ" ಎಂದು ಮೂರು ಮನೆಗೆ ಕೇಳುವಂತೆ ಹೇಳಿದೆ. ಬೀಗತಿ "ನಿಮ್ಮಂಥ ಅಪ್ಪ ಸಿಕ್ಕೂದು ಪುಣ್ಯ" ಎಂದು ಬೇಳೆಸಾರು ಬಡಿಸಿದರು. ಆ ಹೊಗಳಿಕೆಯನ್ನು ಬೇಳೆಸಾರಿನ ಜೊತೆ ನುಂಗಿ ಹೊರಟೆ.

ಅಮದಳ್ಳಿಯ ಹತ್ತಿರ ಒಂದು ತಿರುವಿನಲ್ಲಿ ಒಬ್ಬ ಹೆಂಗಸು ನಡೆಸುವ ಊಟದ ಹೋಟೆಲಿದೆ. ಶೀಟಿನ ಮಾಡು, ನಾಲ್ಕು ಮೇಜು, ಒಲೆಯ ಮೇಲೆ ಸದಾ ಏನೋ ಹುರಿಯುವ ಸದ್ದು. ಇಪ್ಪತ್ತು ವರ್ಷದಿಂದ ಅದರ ಮುಂದೆ ಹಾದುಹೋಗಿದ್ದೇನೆ. ಅವತ್ತು ಕಾರು ತಾನಾಗಿ ನಿಂತಿತು ಎಂದು ಬರೆಯಬಹುದಿತ್ತು. ಇಲ್ಲ, ನಾನೇ ನಿಲ್ಲಿಸಿದೆ. ನಿಲ್ಲಿಸುವ ಮೊದಲು ಲೆಕ್ಕ ಹಾಕಿದ್ದೆ ಕೂಡ. ಇದು ಗುಡ್ಡದ ನೆರಳು. ಇಲ್ಲಿಂದ ನನ್ನ ಪೆಟ್ಟಿಗೆ ಎಷ್ಟು ಕೂಗಿದರೂ ಮನೆಯ ಆಂಟೆನಾಕ್ಕೆ ಕೇಳುವುದಿಲ್ಲ. ಪೆಟ್ಟಿಗೆಯನ್ನು ಆರಿಸುವ ಅಗತ್ಯವೂ ಇಲ್ಲ, ಆರಿಸಿದರೆ ಅದೇ ಒಂದು ಅನುಮಾನ. ನಾನು ಕಲಿತ ರೇಡಿಯೊ ವಿದ್ಯೆ ನನಗೆ ಮೊದಲ ಸಲ ಪ್ರಯೋಜನಕ್ಕೆ ಬಂದದ್ದು ಹೀಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನು ಗುಡ್ಡ ಮುಚ್ಚಿಕೊಂಡು ಬಂಗಡೆ ತಿಂದೆ.

ನನ್ನಷ್ಟಕ್ಕೆ ಸಮಾಧಾನವೂ ಇತ್ತು. ನಾನು ವಿಜ್ಞಾನ ತಿಳಿದವನು, ಅಮದಳ್ಳಿಯ ಬಂಗಡೆಗೂ ಸದಾಶಿವಗಡದ ಬಸುರಿಗೂ ಯಾವ ತರಂಗದ ಸಂಬಂಧವೂ ಇಲ್ಲ ಎಂದುಕೊಂಡೆ. ಆದರೂ ಕೈ ತೊಳೆದ ಕೂಡಲೇ ಮಗಳಿಗೆ ಫೋನ್ ಮಾಡಿ "ಹುಷಾರಿದ್ಯಾ?" ಎಂದು ಕೇಳಿದೆ. "ಈಗಷ್ಟೇ ಹೋದ್ಯಲ್ಲಾ ಅಪ್ಪಾ" ಎಂದು ಅವಳು ನಕ್ಕಳು. ಆಮೇಲೆ ಪ್ರತಿ ಸಲವೂ ತಿಂದ ಮೇಲೆ ಹಾಗೆ ಫೋನ್ ಮಾಡುತ್ತಿದ್ದೆ. ಅವಳು ಹುಷಾರಿದ್ದೇನೆ ಎಂದ ಮೇಲೆಯೇ ಕಾರು ಚಾಲೂ ಮಾಡುತ್ತಿದ್ದೆ.

ಮನೆಗೆ ಬಂದರೆ ಹೆಂಡತಿ ಪುಸ್ತಕ ಹಿಡಿದು ಕೂತಿದ್ದಳು. "ಇವತ್ತು ಗುಡ್ಡದ ಹಿಂದೆ ಮುಕ್ಕಾಲು ತಾಸು ಆಯ್ತಲ್ಲ" ಎಂದಳು. ರೇಡಿಯೊ ಗಣಿತದಲ್ಲಿ ನಾನು ಗುಡ್ಡವನ್ನು ಹಿಡಿದಿದ್ದೆ, ಗಡಿಯಾರವನ್ನು ಬಿಟ್ಟಿದ್ದೆ. "ಲಾರಿ ಕೆಟ್ಟು ಅಡ್ಡ ನಿಂತಿತ್ತು" ಎಂದೆ. ಮುಂದಿನ ವಾರ ಮತ್ತೆ ಕೇಳಿದಳು. "ದನದ ಹಿಂಡು" ಎಂದೆ. ಮೂರನೆಯ ಸಲದಿಂದ ಅವಳು ಕೇಳುವುದನ್ನೇ ಬಿಟ್ಟಳು. ನನ್ನ ಮಾತಿನ ಮೇಲೆ ನಂಬಿಕೆ ಕೂತಿತು ಎಂದು ನಾನು ತಿಳಿದೆ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಮಾತಿನ ಬದನೆಕಾಯಿಯ ಜಾಗದಲ್ಲಿ ಏನೇನು ಹಾಕಬಹುದೋ ಎಲ್ಲವನ್ನೂ ಆ ಹೋಟೆಲಿನಲ್ಲಿ ತಿಂದೆ. ನೊಗಲಿ ಮೀನು ಹುರಿದದ್ದು, ಶೆಟ್ಲಿ ಅಂದರೆ ಸಿಗಡಿಯ ಸುಕ್ಕಾ, ಮಳೆಗಾಲದಲ್ಲಿ ದೋಣಿಗಳು ನಿಂತಾಗ ಹೊಳೆಮೀನು, ಅದೂ ಇಲ್ಲದ ದಿನ ಒಣಮೀನಿನ ಚಟ್ನಿ. ಎಲ್ಲ ಭಾನುವಾರವೂ ಅಲ್ಲ. ಕೆಲವು ಭಾನುವಾರ ಮನಸ್ಸು ಚುಚ್ಚಿ ನೇರವಾಗಿ ಬಂದುಬಿಡುತ್ತಿದ್ದೆ, ಬಂದು ನನ್ನ ಸಂಯಮಕ್ಕೆ ನಾನೇ ಬೆರಗಾಗುತ್ತಿದ್ದೆ. ಹೋಟೆಲಿನಾಕೆ ನನ್ನನ್ನು ಕಂಡೊಡನೆ ಎಲೆ ಹಾಕುವಷ್ಟು ಪರಿಚಯವಾದಳು. ತಿಂದ ಮೇಲೆ ಲಿಂಬೆಹಣ್ಣಿನಿಂದ ಕೈ ತಿಕ್ಕಿ, ಏಲಕ್ಕಿ ಜಗಿದು, ಕಾರಿನ ಕಿಟಕಿಗಳನ್ನು ತೆರೆದು ಅಂಕೋಲೆಯವರೆಗೆ ಬರುತ್ತಿದ್ದೆ. ಮಳೆ ಬಂದರೂ ತೆರೆದೇ ಇರುತ್ತಿದ್ದವು.

ಆ ದಿನಗಳಲ್ಲಿ ಹೆಂಡತಿಗೆ ಒಮ್ಮೊಮ್ಮೆ ರಾತ್ರಿ ಊಟ ಸೇರುತ್ತಿರಲಿಲ್ಲ. "ನಂಗೆ ಹೊಟ್ಟೆ ಭಾರ, ನೀವು ಉಣ್ಣಿ" ಎಂದು ಒಂದು ಲೋಟ ನೀರು ಕುಡಿದು ಎದ್ದುಬಿಡುತ್ತಿದ್ದಳು. ಒಮ್ಮೆ ನಾನು, ಮೀನು ಬಿಟ್ಟು ಬರೀ ಬೇಳೆ ತಿಂದರೆ ಹಾಗೆಯೇ, ವಾಯು ಆಗುತ್ತದೆ, ಡಾಕ್ಟರಿಗೆ ತೋರಿಸು ಎಂದು ಬುದ್ಧಿ ಹೇಳಿದೆ. ಬಾಯಲ್ಲಿ ಏಲಕ್ಕಿ ಇನ್ನೂ ಇತ್ತು.

ಇನ್ನು ಹೆರಿಗೆಯ ದಿನ. ಇಷ್ಟೆಲ್ಲ ಕಟ್ಟಿದ್ದು ಅದಕ್ಕಾಗಿ ತಾನೆ. ಬೆಳಿಗ್ಗೆ ಅಳಿಯನ ಫೋನು ಬಂತು, ನೋವು ಶುರುವಾಗಿದೆ, ಕಾರವಾರದ ಆಸ್ಪತ್ರೆಗೆ ರಿಕ್ಷಾದಲ್ಲಿ ಹೊರಟಿದ್ದೇವೆ ಎಂದು. ಆ ದಿನ ನನ್ನ ಕಾರು ಕ್ಲಚ್ ಹೋಗಿ ಅಂಕೋಲೆಯ ಗ್ಯಾರೇಜಿನಲ್ಲಿತ್ತು. ನಾವಿಬ್ಬರೂ ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಫೋನು ಒಂದು ಸಲವೂ ಕೈಕೊಡಲಿಲ್ಲ, ಐದೈದು ನಿಮಿಷಕ್ಕೆ ಸುದ್ದಿ ಬರುತ್ತಿತ್ತು. ಬಸ್ಸು ಅಮದಳ್ಳಿಯ ತಿರುವು ದಾಟುವಾಗ ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನಿಂದಲೇ ಎಂದು ಆ ಹೊತ್ತಿಗೆ ನನಗೆ ಖಚಿತವಾಗಿತ್ತು, ವಿಜ್ಞಾನ ಎಲ್ಲಿ ಇಳಿದುಹೋಯಿತೋ ತಿಳಿಯದು. ಹೆಂಡತಿ ಕಣ್ಣು ಮುಚ್ಚಿ ಕೂತಿದ್ದಳು, ಅವಳ ಮುಖದಲ್ಲಿ ನನ್ನಷ್ಟು ಗಾಬರಿ ಇರಲಿಲ್ಲ.

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿ. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಅತ್ತೆ. ಇಡ್ಲಿ ತರಲು ಹೋಗಿದ್ದ ಅಳಿಯ ನನ್ನನ್ನು ಕಂಡು ಹೆದರಿ ಡಬ್ಬಿ ಕೆಳಗೆ ಹಾಕಿದ. ಇಷ್ಟು ಹೊತ್ತೂ ನನ್ನ ಪೆಟ್ಟಿಗೆ ಮಾತ್ರ ತನ್ನ ಕರ್ತವ್ಯ ಮಾಡುತ್ತಲೇ ಇತ್ತು. ನಾನು ಅಂಕೋಲೆಯ ಗ್ಯಾರೇಜಿನಲ್ಲಿ ಅಲ್ಲಾಡದೆ ಕೂತಿದ್ದೇನೆ ಎಂದು ಇಡೀ ಜಗತ್ತಿಗೆ ಹೇಳುತ್ತಿತ್ತು.

ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರ ಮುಗಿಯಿತು. ಶನಿವಾರ ಹೆಂಡತಿ ಕೆಂಪು ಬಟ್ಟೆ ಬಿಚ್ಚಿ, ಕಾಯಿ ಒಡೆದು, ಹರಕೆ ಮುಗಿಸಿದಳು. ಕಾಯಿ ಚೆನ್ನಾಗಿತ್ತು, ಅದನ್ನು ಎರಡೆರಡು ಸಲ ಮೂಸಿ ನೋಡಿದಳು. ಮರುದಿನ ಭಾನುವಾರ ಇಬ್ಬರೂ ಒಟ್ಟಿಗೆ ಕಾರಿನಲ್ಲಿ ಮೊಮ್ಮಗಳನ್ನು ನೋಡಿ, ಅಲ್ಲಿ ಬರೀ ಚಹಾ ಕುಡಿದು ಹೊರಟೆವು. ಅರ್ಗಾ ದಾಟಿತು. ಅವಳು ಮುಂದೆ ನೋಡುತ್ತಲೇ ಹೇಳಿದಳು.

"ಆ ತಿರುವಿನಲ್ಲಿ ನಿಲ್ಸಿ."

"ಎಂತಕ್ಕೆ?"

"ಹಸಿವೆ ಆಗ್ತದೆ."

ನಿಲ್ಲಿಸಿದೆ. ಹೋಟೆಲಿನಾಕೆ ನಗುತ್ತ ಬಂದು, "ಎಂತಾ ಅಣ್ಣಾ, ಸುಮಾರು ದಿನ ಆಯ್ತಲ್ಲಾ? ಇವತ್ತು ಎರಡು ಊಟವಾ?" ಎಂದು ಮಾಮೂಲಿನ ಮೇಜನ್ನು ಒರೆಸತೊಡಗಿದಳು.

"ಒಂದೇ ಸಾಕು" ಎಂದಳು ನನ್ನ ಹೆಂಡತಿ. "ಅವ್ರದ್ದೆಲ್ಲಾ ಮೊದ್ಲೇ ಆಯ್ತು."

ಅವಳು ಉಂಡಳು. ಏಳು ತಿಂಗಳ ಮೇಲೆ ಬಂಗಡೆಯ ಮುಳ್ಳು ಬಿಡಿಸುತ್ತ, ಅವಸರವಿಲ್ಲದೆ, ಪಳದಿಯನ್ನು ಅನ್ನಕ್ಕೆ ಕಲಸಿ ಉಂಡಳು. ನಾನು ಎದುರಿಗೆ ನೀರಿನ ಲೋಟ ಹಿಡಿದು ಕೂತಿದ್ದೆ. ಕೊನೆಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವಳು ಎಡಗೈಯಲ್ಲಿ ಫೋನು ತೆಗೆದು ತಳ್ಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಪರದೆಯಲ್ಲಿ ಕಾಣುವುದು ನಮ್ಮ ಮನೆಯ ಆಂಟೆನಾ ಕೇಳಿಸಿಕೊಂಡದ್ದು ಮಾತ್ರ. ಅದಲ್ಲದೆ ಅಂತರ್ಜಾಲದಲ್ಲಿ ಒಂದು ದೊಡ್ಡ ನಕ್ಷೆಯಿದೆ. ಎಲ್ಲಿಯ ಯಾವ ಹವ್ಯಾಸಿಯ ಆಂಟೆನಾ ಕೇಳಿಸಿಕೊಂಡರೂ ಆ ಚುಕ್ಕೆ ಅಲ್ಲಿ ಸೇರುತ್ತದೆ. ಅದನ್ನು ಮೊದಲ ವಾರವೇ ಅವಳ ಫೋನಿನಲ್ಲಿ ಹಾಕಿಕೊಟ್ಟವನು ನಾನು. ನಾನು ಮಾತ್ರ ಅದನ್ನು ನೋಡುತ್ತಿರಲಿಲ್ಲ. ಅಂತರ್ಜಾಲದಿಂದ ನೋಡುವುದಾದರೆ ರೇಡಿಯೊ ಏಕೆ ಎಂಬ ಜಂಬ ನನ್ನದು. ನನ್ನ ಗೆಳೆಯ ಸೋಮಾರಿಯಲ್ಲ. ಮೇ ತಿಂಗಳಲ್ಲಿ ತಾಯಿಯನ್ನು ನೋಡಲು ಬಂದವನು ತೋಡೂರಿನ ಮನೆಯ ಮಾಡಿನ ಮೇಲೆ ಆಂಟೆನಾ ಹಾಕಿ, ನನ್ನ ಸದ್ದನ್ನು ಹಿಡಿದು ನೇರ ಆ ದೊಡ್ಡ ನಕ್ಷೆಗೆ ಕಳಿಸುವ ಪೆಟ್ಟಿಗೆಯೊಂದನ್ನು ಇಟ್ಟು ಹೋಗಿದ್ದ. ನಾನೇ ಕಂಡು ಖುಷಿಯಿಂದ ಫೋನ್ ಮಾಡಲಿ ಎಂದು ಹೇಳದೆ ಕಾದಿದ್ದನಂತೆ. ನಾನು ಫೋನ್ ಮಾಡಲಿಲ್ಲವೆಂದು ಅವನಿಗೆ ಬೇಜಾರೂ ಆಗಿತ್ತಂತೆ. ಫೋನಿನ ನಕ್ಷೆಯಲ್ಲಿ ಆ ಹೋಟೆಲಿನ ಶೀಟಿನ ಮಾಡಿನ ಮೇಲೆಯೇ ಇವತ್ತಿನ ಚುಕ್ಕೆ ಕೂತಿತ್ತು. ಯಾವ ಗುಡ್ಡವನ್ನು ನಂಬಿ ನಾನು ಕಾರು ನಿಲ್ಲಿಸಿದ್ದೆನೋ ಆ ಗುಡ್ಡವನ್ನು ಬೇಡಿ ಬೇಡಿ ತೆಗೆಸಿದವನು ನಾನೇ. ಮಾಡಿದ್ದುಣ್ಣೋ ಮಹಾರಾಯ.

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಜಗಳ ಆಗ್ತಿತ್ತು. ಮಗಳ ಕಿವಿಗೆ ಹೋಗ್ತಿತ್ತು. ಮಲಗಿದಲ್ಲೇ ಅವ್ಳು ಚಿಂತೆ ಮಾಡ್ತಿದ್ಳು." ಅವಳು ಬಂಗಡೆಯ ತಲೆಯ ಭಾಗವನ್ನು ತೆಗೆದು ಎಲೆಯ ತುದಿಯಲ್ಲಿ ನನ್ನ ಕಡೆ ಸರಿಸಿದಳು. "ತಕೊಳ್ಳಿ. ನಾಚ್ಕೋಬೇಡಿ." ತಿಂದೆ. ಒಳಗೊಳಗೆ ಸಮಾಧಾನವೂ ಆಯಿತು. ಇಷ್ಟರಲ್ಲೇ ಮುಗಿಯಿತು, ನಗೆಯಲ್ಲೇ ಹೋಯಿತು ಎಂದುಕೊಂಡೆ.

ಸಂಜೆ ಮನೆಯಲ್ಲಿ, ಅವಳು ಅಟ್ಟದಿಂದ ಗಡಿಗೆ ಇಳಿಸಿ ತೊಳೆಯುತ್ತಿರುವಾಗ, ನಾನು ಆ ಉದ್ದನೆಯ ಪುಸ್ತಕವನ್ನು ಮೊದಲ ಸಲ ಬಿಚ್ಚಿದೆ. ಅವಳು ಯಾವ ಯಾವ ದಿನ ನನ್ನನ್ನು ಹಿಡಿದಿದ್ದಾಳೆ ನೋಡೋಣ ಎಂಬ ಕೆಟ್ಟ ಕುತೂಹಲ. ಏಳು ತಿಂಗಳು ಒಂದು ವಾರವೂ ಬಿಡದೆ ಬರೆದಿದ್ದಳು. ಗುಂಡು ಅಕ್ಷರ, ನೇರ ಸಾಲು. ಸೇತುವೆ, ಬಿಣಗಾ, ಅರ್ಗಾ, ಗುಡ್ಡ, ಹಾರವಾಡ. ಷರಾ ಅಂಕಣ ಹೆಚ್ಚಿನ ಕಡೆ ಖಾಲಿ. ಆದರೆ ಮೇ ಕೊನೆಯ ಒಂದು ಭಾನುವಾರ, ಗುಡ್ಡ ಎಂದು ಬರೆದ ಸಾಲಿನ ಮುಂದೆ, ಷರಾದಲ್ಲಿ ಒಂದು ಪದವಿತ್ತು. ಉಪವಾಸ. ಮತ್ತೆರಡು ವಾರ ಬಿಟ್ಟು ಇನ್ನೊಂದು. ಉಪವಾಸ. ಪುಟ ತಿರುವಿದೆ. ಒಟ್ಟು ಹನ್ನೊಂದು ಕಡೆ ಇತ್ತು.

ಹೊಟ್ಟೆ ಭಾರ ಎಂದ ರಾತ್ರಿಗಳು ಅವು. ನಾನು ಗುಡ್ಡದ ಹಿಂದೆ ತಿಂದ ಒಂದೊಂದು ಊಟಕ್ಕೂ ಅವಳು ಮನೆಯಲ್ಲಿ ಒಂದೊಂದು ಊಟ ಬಿಟ್ಟಿದ್ದಳು. ಬಿಟ್ಟು ನನಗೆ ಬಡಿಸಿದ್ದಳು. ಬಸ್ಸಿನಲ್ಲಿ ಅವಳ ಮುಖದಲ್ಲಿ ಗಾಬರಿಯಿಲ್ಲದಿದ್ದುದು ಏಕೆಂದು ಈಗ ತಿಳಿಯಿತು. ಅವಳ ಲೆಕ್ಕದಲ್ಲಿ ಹರಕೆ ಒಂದು ದಿನವೂ ಮುರಿದಿರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ಹೊತ್ತು ಬರೆದದ್ದರಲ್ಲಿ ನಗೆಯಿದೆ, ಈ ನಾಚಿಕೆಯಲ್ಲಿ ಇರಲಿಲ್ಲ.

ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅವಳು ನೋಡಿ, ಗಡಿಗೆ ಒರೆಸುತ್ತಲೇ, "ನೀವೇ ಹೇಳಿದ್ರಲ್ಲ, ವಿಶೇಷ ಇದ್ರೆ ಬರಿ ಅಂತ" ಎಂದಳು.

"ನೀ ಎಂತಕ್ಕೆ ಬಿಡಬೇಕಿತ್ತು? ತಪ್ಪು ನನ್ನದು."

"ಹರಕೆ ಮನೇದು. ಅದ್ರಲ್ಲಿ ನಿಮ್ಮ ಪಾಲು ನನ್ನ ಪಾಲು ಅಂತ ಅದ್ಯಾ?"

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ನನ್ನ ಲೆಕ್ಕದಲ್ಲಿ ಅವು ಹನ್ನೊಂದಲ್ಲ, ಹದಿಮೂರು. ಗೆಳೆಯನ ಪೆಟ್ಟಿಗೆ ಬರುವ ಮೊದಲಿನ ಎರಡು ಭಾನುವಾರ ಯಾವ ನಕ್ಷೆಗೂ ಸಿಕ್ಕಿರಲಿಲ್ಲ. ಆ ಎರಡು ಸಾಲುಗಳ ಷರಾದಲ್ಲಿ ಅದೇ ಗುಂಡು ಅಕ್ಷರದಲ್ಲಿ ಅವಳು ಬರೆದಿದ್ದಳು: ಲಾರಿ ಕೆಟ್ಟಿತ್ತು. ದನ ಅಡ್ಡ. ನನ್ನ ಸುಳ್ಳನ್ನು ಇಷ್ಟು ಪ್ರಾಮಾಣಿಕವಾಗಿ ಯಾರೂ ಬರೆದಿಟ್ಟಿರಲಿಲ್ಲ. ನಾನು ಪುಸ್ತಕ ತಿರುಗಿಸಿ ಆ ಸಾಲುಗಳ ಮೇಲೆ ಬೆರಳಿಟ್ಟೆ.

ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ಹಂಗಾರೆ ಲಾರಿ?"

"ಇರ್ಲಿಲ್ಲ."

"ದನ?"

"ಇರ್ಲಿಲ್ಲ."

ಅವಳ ಮುಖ ಬಿಳಿಚಿಕೊಂಡಿತು. ಹೋಟೆಲಿನಲ್ಲಿ ನನ್ನನ್ನು ಹಿಡಿದುಕೊಟ್ಟು ನಕ್ಕವಳು ಈಗ ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನು ತೆಗೆದು ಮಗಳಿಗೆ ಕರೆ ಮಾಡಿದಳು. "ಕೂಸು ಹುಷಾರದ್ಯಾ?" ಎಂದಳು. ಹುಷಾರಿದೆ, ಮಲಗಿದೆ ಎಂದು ಅತ್ತಲಿಂದ ಮಗಳು ಹೇಳಿದ್ದು ನನಗೂ ಕೇಳಿಸಿತು. ಅದೇ ಪ್ರಶ್ನೆಯನ್ನು ಹದಿಮೂರು ಸಲ ಅದೇ ಭಯದಲ್ಲಿ ಕೇಳಿದವನು ನಾನು, ಅವಳ ದನಿ ನನಗೆ ಗುರುತಾಯಿತು.

ಫೋನು ಇಟ್ಟು, ಗಡಿಗೆಯನ್ನು ಒಲೆಯ ಪಕ್ಕ ಇಟ್ಟು, ಅವಳು ತಟ್ಟೆ ಹಾಕಲು ಹೋದಳು. ಎರಡು ತೆಗೆದಳು. "ನಂಗೆ ಹೊಟ್ಟೆ ಭಾರ" ಎಂದೆ. ಅವಳು ಒಂದು ತಟ್ಟೆಯನ್ನು ಮರಳಿ ಗೂಡಿನಲ್ಲಿಟ್ಟು, ಒಂದು ಲೋಟ ನೀರು ತಂದುಕೊಟ್ಟಳು. ಪೆನ್ನನ್ನೂ ತಂದುಕೊಟ್ಟಳು.

"ನೀವೇ ಬರೀರಿ" ಎಂದಳು.

ಲಾರಿ ಕೆಟ್ಟಿತ್ತು ಎಂಬುದನ್ನು ಹೊಡೆದು, ಪಕ್ಕದಲ್ಲಿ ಉಪವಾಸ ಎಂದು ಬರೆದೆ. ಗೆರೆ ಹಾಕಿಕೊಟ್ಟದ್ದು ಬಿಟ್ಟರೆ ಆ ಪುಸ್ತಕದಲ್ಲಿ ನನ್ನ ಕೈಬರಹ ಅದೇ ಮೊದಲು. ದನವನ್ನು ಮುಂದಿನ ಭಾನುವಾರ, ಇನ್ನೊಂದು ಲೋಟ ನೀರು ಕುಡಿದು, ಹೊಡೆದೆ.